ತೊಳೆಯದ ಎಲೆ

ಮಂಗಸೂಳಿ ಊರಿಗೆ ಚಳಿ ಬಂತೆಂದು ಮೊದಲು ಗೊತ್ತಾಗುತ್ತಿದ್ದುದು ಅಕ್ಕವ್ವನ ಮನೆಯ ಕಟ್ಟೆಗೆ. ದೀಪಾವಳಿ ಮುಗಿದು, ಹೊಲಗಳ ಮೇಲೆ ಮಂಜು ಕೂಡತೊಡಗಿದ ಕೂಡಲೇ ಕೆಮ್ಮುವವರು, ಮೂಗು ಸೋರುವವರು, ಗಂಟಲು ಕಟ್ಟಿ ಬರೀ ಕೈಸನ್ನೆಯಲ್ಲಿ ಮಾತಾಡುವವರು ಕಂಬಳಿ ಹೊದ್ದು, ತಂಬಿಗೆ ಹಿಡಿದು ಬಂದು ಅಲ್ಲಿ ಕೂರುವರು. ಮೂಗು ಕಟ್ಟಿದವರಿಗೆ ಆಕೆ ಬಿಸಿ ಪುಟಾಣಿಯ ಗಂಟು ಮಾಡಿ ಮೂಸಲು ಕೊಡುವಳು. ಕೂಸುಗಳ ಎದೆಗೆ ಅಜವಾನದ ಗಂಟು ಕಾಸಿ ಒತ್ತುವಳು. ಒಣಕೆಮ್ಮಿಗೆ ಕೆಂಡದಲ್ಲಿ ಸುಟ್ಟ ಉಳ್ಳಾಗಡ್ಡಿಯನ್ನು ಬೆಲ್ಲದಲ್ಲಿ ಹಿಸುಕುವಳು. ಆದರೆ ಮಂದಿ ಕಾದು ಕೂರುತ್ತಿದ್ದುದು ಆಕೆಯ ಆಡುಸೋಗೆ ಕಷಾಯಕ್ಕೆ.

ಆ ಕಷಾಯಕ್ಕೆ ಒಂದು ಕಟ್ಟಳೆಯಿತ್ತು. ಅಕ್ಕವ್ವನಿಗೆ ಅವಳ ಅತ್ತೆ ಹೇಳಿಕೊಟ್ಟದ್ದು. ಹೊತ್ತು ಮೂಡುವ ಮುಂಚೆ ಹೊಲದ ಬದುವಿಗೆ ಹೋಗಬೇಕು. ಹೋಗುವಾಗ, ಎಲೆ ಚಿವುಟುವಾಗ, ಬಂದು ಒಲೆಯ ಮೇಲೆ ಇಡುವ ತನಕ ಯಾರೊಡನೆಯೂ ಮಾತಾಡಕೂಡದು. ಯಾರೂ ಮಾತಾಡಿಸಲೂ ಕೂಡದು. ಎಲೆ ತೊಳೆಯಕೂಡದು, ಇರುಳೆಲ್ಲ ಇಳಿದ ಇಬ್ಬನಿ ಎಲೆಯ ಸಂಗಡವೇ ಪಾತೇಲಿಗೆ ಬೀಳಬೇಕು. ಮಾಡಿದವಳು ರುಚಿ ನೋಡಿದರೆ ಅದು ಎಂಜಲು. ಸುಂಠಿ, ಕರಿಮೆಣಸು, ಜೇಷ್ಠಮಧು, ಬೆಲ್ಲ ಬಿದ್ದು ನೀರು ಅರ್ಧಕ್ಕೆ ಇಳಿದ ಮೇಲೆ ಮಲ್ಲಯ್ಯನ ಗುಡಿಯ ಭಂಡಾರ, ಎಂದರೆ ಅರಿಶಿನ, ಒಂದು ಚಿಟಿಕೆ. ಯಾರ ಕೈಯಿಂದಲೂ ಒಂದು ಪೈಸೆ ಮುಟ್ಟುವಂತಿಲ್ಲ.

ಊರು ಅದನ್ನು ಅಕ್ಕವ್ವನ ಕೈಗುಣ ಎನ್ನುತ್ತಿತ್ತು. ಗಂಡ ತೀರಿದ ಮೇಲೆ ಹೊಲ ಮಗ ಧರೆಪ್ಪನ ಹೆಸರಿಗಾಯಿತು. ಕೀಲಿಕೈ ಸೊಸೆ ತಾರವ್ವನ ಸೆರಗಿಗೆ ಹೋಯಿತು. ಜೋಳದ ಹೊಲ ದ್ರಾಕ್ಷಿಯ ತೋಟವಾಯಿತು. ಇದು ನನ್ನದು ಎಂದು ಅಕ್ಕವ್ವ ಹೇಳಿಕೊಳ್ಳಬಹುದಾದದ್ದು ಆ ಕೈಗುಣ ಒಂದೇ ಉಳಿದಿತ್ತು.

ಅದು ತೊಂಬತ್ತೊಂದರ ಚಳಿಗಾಲ. ಆ ವರ್ಷ ಕಟ್ಟೆ ಬೇಗನೆ ತುಂಬಿತು. ತಾರವ್ವನ ಸಿಟ್ಟೂ ಬೇಗನೆ ತುಂಬಿತು.

"ಊರ ಮಂದಿ ಕೆಮ್ಮೆಲ್ಲಾ ನಮ್ಮ ಅಂಗಳದಾಗ ಬಂದ ಬಿದ್ದೈತಿ," ಎಂದಳು ಆಕೆ ಒಂದು ಮುಂಜಾನೆ, ಕಸದ ಬಾರಿಗೆ ನೆಲಕ್ಕೆ ಬಡಿಯುತ್ತ. "ಇವರು ಕುಡದ ಹೋಗೂದು, ಉಗಳಿದ್ದು ನಾ ಬಳಿಯೂದು. ಬಳದ ಬಳದ ನನ್ನ ನಡಾ ಹೋತು."

"ನಡಾ ಹೋದ್ರ ನೀನೂ ಕಟ್ಟಿ ಮ್ಯಾಲ ಬಂದ ಕುಂಡ್ರ. ಅದಕ್ಕೂ ಒಂದ ಔಷಧ ಕೊಡತೇನಿ," ಎಂದಳು ಅಕ್ಕವ್ವ.

ಕಟ್ಟೆಯ ಮೇಲಿದ್ದವರು ನಕ್ಕರು. ಕೆಮ್ಮಿದ್ದವರು ಕೆಮ್ಮುತ್ತಲೇ ನಕ್ಕರು. ತಾರವ್ವನ ಮುಖ ಕಂಬಳಿಯಷ್ಟು ಕಪ್ಪಾಯಿತು.

"ಮಂದಿ ಮುಂದ ನನ್ನ ನಗೆಗೇಡ ಮಾಡತೀರಿ? ಆತು. ಇನ್ನ ಮ್ಯಾಲ ನಿಮ್ಮ ಕಷಾಯ ನಿಮಗ, ನನ್ನ ಮಾತ ನನಗ."

ಅಂದಿನಿಂದ ಅತ್ತೆಗೂ ಸೊಸೆಗೂ ಮಾತು ನಿಂತಿತು. ಮಾತೆಲ್ಲ ಮೂರನೇ ಇಯತ್ತೆಯ ಮೊಮ್ಮಗಳು ಸುಂದರಾಳ ಮೂಲಕ ನಡೆಯತೊಡಗಿತು.

"ಸುಂದರಾ, ನಿಮ್ಮ ಆಯಿಗೆ ಹೇಳ, ರೊಟ್ಟಿ ಆರಾಕತ್ತಾವು ಅಂತ."

"ಸುಂದರಾ, ನಿಮ್ಮವ್ವಗ ಹೇಳ, ಆರಿದ್ರ ಆರ್ಲಿ, ನನಗ ಹಲ್ಲ ಗಟ್ಟಿ ಅದಾವು ಅಂತ."

ಇಬ್ಬರೂ ಒಂದೇ ಒಲೆಯ ಮುಂದೆ ಮೊಳ ಅಂತರದಲ್ಲಿ ಕೂತಿರುವರು. ನಡುವೆ ಕೂತ ಸುಂದರಾ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತ, "ಇಬ್ಬರಿಗೂ ಕಿವಿ ಅದಾವಲ್ಲ. ನಾ ಉಣ್ಣಲೋ, ಟಪಾಲ ಹಂಚಲೋ?" ಎನ್ನುವಳು. ಧರೆಪ್ಪನಿಗೆ ನಗು ಬರುವುದು, ನಗಲು ಧೈರ್ಯ ಸಾಲದು. ಅವನಿಗೆ ತೋಟದ್ದೇ ಚಿಂತೆ. ದ್ರಾಕ್ಷಿ ಹೂವಿಗೆ ಬಂದಿತ್ತು. ಮಂಜು ಬಿದ್ದಷ್ಟೂ ರೋಗ, ರೋಗ ಬಂದಷ್ಟೂ ಎಣ್ಣೆ. ರೋಗಕ್ಕೂ ಕೀಟಕ್ಕೂ ಹೊಡೆಯುವ ಆ ವಿಷವನ್ನು ಊರವರೆಲ್ಲ ಎಣ್ಣೆ ಎಂದೇ ಕರೆಯುತ್ತಿದ್ದರು. ಎರಡು ದಿನಕ್ಕೊಮ್ಮೆ ಪಂಪು ಬೆನ್ನಿಗೆ ಹಾಕಿಕೊಂಡು ಹೊರಟರೆ, ಬರುವಾಗ ಅವನ ಕಣ್ಣು ಕೆಂಪು, ಅಂಗಿಯ ವಾಸನೆಗೆ ಎಮ್ಮೆ ಸಹ ಮುಖ ತಿರುಗಿಸುತ್ತಿತ್ತು.

ಒಂದು ಆಯತವಾರ ಅಕ್ಕವ್ವ ಸಂಜೆ ಗುಡಿಗೆ ಹೋಗಿದ್ದಳು. ಮಲ್ಲಯ್ಯನ ಮುಂದೆ ಆಯತವಾರಕ್ಕೊಮ್ಮೆ ಭಜನೆ. ಹಾಡು ಎತ್ತಿಕೊಡುವವನು ಲಗಮಣ್ಣ, ಅಕ್ಕವ್ವನ ಗಂಡನ ಜೊತೆಗಾರ. ಆ ದಿನ ಎರಡನೆಯ ಪದಕ್ಕೇ ಅವನ ದನಿ ಒಡೆಯಿತು. ತಾಳ ಹಾಕುವವರು ಒಬ್ಬರ ಮುಖ ಒಬ್ಬರು ನೋಡಿದರು.

"ತಂಗೀ, ನಾಳೆ ಮುಂಜಾನೆ ಬರ್ತೇನಿ," ಎಂದ ಲಗಮಣ್ಣ, ಗಂಟಲು ಹಿಡಿದುಕೊಂಡು. "ಬಟ್ಟಲ ಅಲ್ಲ, ತಂಬಿಗಿ ತುಂಬ ಬೇಕ. ಮುಂದಿನ ಆಯತವಾರ ಮಲ್ಲಯ್ಯ ನನ್ನ ಕರಿಯೂದಕ್ಕ ಮೊದಲ ನಾ ಆತನ್ನ ಕರೀಬೇಕು."

ಮರುದಿನ ಮಂಜು ಎಷ್ಟಿತ್ತೆಂದರೆ ಅಕ್ಕವ್ವ ಕಾಲಿನ ಗುರುತಿನಿಂದಲೇ ಬದು ಹುಡುಕಿದಳು. ಆಡುಸೋಗೆ ಬಿಳಿ ಹೂ ಬಿಟ್ಟಿತ್ತು. ಎಲೆ ತೊಯ್ದು ಭಾರವಾಗಿದ್ದವು. ಏನೋ ಘಾಟು ಮೂಗಿಗೆ ಬಂತು. ಆದರೆ ದ್ರಾಕ್ಷಿ ಬಂದಂದಿನಿಂದ ಆ ಹೊಲವೆಲ್ಲ ಹಾಗೇ ನಾರುತ್ತಿತ್ತು. ಬುಟ್ಟಿ ತುಂಬಿಕೊಂಡು ಮೌನದಲ್ಲಿ ಮನೆಗೆ ಬಂದಳು. ಬಾಗಿಲಲ್ಲಿ ತಾರವ್ವ ಕಸ ಹೊಡೆಯುತ್ತಿದ್ದಳು. ಬುಟ್ಟಿ ನೋಡಿ ಅವಳ ಕೈ ನಿಂತಿತು. ಬಾಯಿ ಅರ್ಧ ತೆರೆಯಿತು. ಅಕ್ಕವ್ವ ನಿಲ್ಲಲಿಲ್ಲ, ನಿಲ್ಲುವಂತಿರಲಿಲ್ಲ. ಹಿಂದೆ ಬಾರಿಗೆಯ ಸದ್ದು ಮತ್ತೆ ಶುರುವಾಯಿತು.

ಲಗಮಣ್ಣ ತಂಬಿಗೆ ತುಂಬ ಕುಡಿದು, ಮೀಸೆ ಒರೆಸಿಕೊಂಡು ಹೋದ. ಇನ್ನಿಬ್ಬರು ಹೆಂಗಸರು ಒಂದೊಂದು ಬಟ್ಟಲು ಕುಡಿದರು. ಸಾಲೆಗೆ ಹೊರಟ ಸುಂದರಾಳಿಗೂ ಅಕ್ಕವ್ವ ಬಟ್ಟಲು ಕೊಟ್ಟಳು. ಹುಡುಗಿ ತುಟಿಗೆ ಹಚ್ಚುವಷ್ಟರಲ್ಲಿ ತಾರವ್ವ ಒಳಗಿನಿಂದ ಓಡಿಬಂದು ಅದನ್ನು ಕಸಿದು ಅಂಗಳಕ್ಕೆ ಚೆಲ್ಲಿದಳು.

"ಸಾಲಿಗೆ ತಡಾ ಆತು. ನಡಿ!"

"ಅವ್ವಾ, ಇನ್ನೂ ಗಂಟೀನ ಹೊಡದಿಲ್ಲ..."

"ನಡಿ ಅಂದ್ನೆಲ್ಲಾ!"

ಅಕ್ಕವ್ವನ ಕಿವಿ ಬಿಸಿಯಾದವು. ಹೊಟ್ಟೆಕಿಚ್ಚಿಗೆ ಕೂಸಿನ ಬಾಯಿಂದಲೂ ಕಸಿದುಕೊಂಡಳಲ್ಲ ಎಂದು, ಬರಿದಾದ ಪಾತೇಲಿಯನ್ನು ಬೂದಿ ಹಚ್ಚಿ ತಿಕ್ಕಿದ್ದೇ ತಿಕ್ಕಿದಳು.

ಹೊತ್ತು ನೆತ್ತಿಗೇರುವ ಮೊದಲೇ ಸುದ್ದಿ ಬಂತು. ಹೆಂಗಸರಿಬ್ಬರೂ ವಾಂತಿ ಮಾಡಿಕೊಂಡು ಮಲಗಿದ್ದರು. ಲಗಮಣ್ಣನಿಗೆ ಬೆವರು ಒಸರಿ, ಬಾಯಿಂದ ಜೊಲ್ಲು ಸುರಿದು, ಮಾತು ತೊದಲಿ, ಕಣ್ಣು ಮಂಜಾಗಿತ್ತು. ಅವನ ಮಗ ಅಣ್ಣಾಸಾಬ ಜೀಪು ತರಿಸಿ ಮಿರಜದ ದವಾಖಾನೆಗೆ ಒಯ್ದ. ಜೀಪು ಅಕ್ಕವ್ವನ ಮನೆಯ ಮುಂದೆಯೇ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ಲಗಮಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಹೆಂಡತಿ ಕೆಂಚವ್ವ ಕೂತಿದ್ದಳು. ಆಕೆ ಈ ಕಡೆ ನೋಡಲಿಲ್ಲ.

ಹೆಂಗಸರು ಸಂಜೆಗೆ ಎದ್ದು ಕೂತರು. ಲಗಮಣ್ಣ ಏಳಲಿಲ್ಲ. ಅವನು ಬದುಕಿದ ಎಂಬ ಮಾತು ಊರಿಗೆ ಬರಲು ದಿನಗಳೇ ಹಿಡಿದವು. ಅಲ್ಲಿಯವರೆಗೆ ಅಕ್ಕವ್ವ ಜಗಲಿಯ ಮೇಲೆ ನೀರೂ ಸರಿಯಾಗಿ ಕುಡಿಯದೆ ಕೂತಳು. ನಡುವೆ ಒಮ್ಮೆ ಅಣ್ಣಾಸಾಬ ಬಟ್ಟೆ ಒಯ್ಯಲು ಊರಿಗೆ ಬಂದವನು ಅಂಗಳದಲ್ಲಿ ನಿಂತ.

"ದೊಡ್ಡವ್ವಾ, ನಮ್ಮಪ್ಪನ ಗೆಳ್ಯಾನ ಹೇಣತಿ ಅಂತ ಸುಮ್ಮನದೇನಿ. ನಿನ್ನ ಕೈ ಕೆಟ್ಟೈತಿ. ಇನ್ನೊಬ್ಬರ ಮನಿಗೆ ಕಷಾಯ ಕೊಡಬ್ಯಾಡ."

ಅಕ್ಕವ್ವ ತನ್ನ ಎರಡೂ ಅಂಗೈ ನೋಡಿಕೊಂಡಳು.

ಕಟ್ಟೆ ಬರಿದಾಯಿತು. ಮಂಜು ಇತ್ತು, ಕೆಮ್ಮಿತ್ತು. ಓಣಿಯ ಮನೆಮನೆಯಿಂದ ಕೆಮ್ಮು ಕೇಳುತ್ತಿತ್ತು, ಯಾರೂ ಬರಲಿಲ್ಲ. ಬೋರಿನ ಹತ್ತಿರ ಆಕೆ ಕೊಡ ಇಟ್ಟರೆ ಪಕ್ಕದ ಕೊಡಗಳು ಗೇಣಷ್ಟು ಸರಿಯುತ್ತಿದ್ದವು. ಮನೆಯಲ್ಲಿ ತಾರವ್ವ ಮೊದಲಿಗಿಂತ ಹೆಚ್ಚು ಕೆಲಸ ಮಾಡತೊಡಗಿದ್ದಳು: ಬೇಡದ ಪಾತ್ರೆ ತೊಳೆಯುವುದು, ಸಾರಿಸಿದ ನೆಲವನ್ನೇ ಸಾರಿಸುವುದು. ಧರೆಪ್ಪ ತಲೆ ಎತ್ತದೆ ಉಂಡು ತೋಟಕ್ಕೆ ಓಡುವನು.

ಒಂದು ದಿನ ಅಕ್ಕವ್ವ ಎಲೆ ಒಂದನ್ನು ಬಿಟ್ಟು ಉಳಿದ ಸಾಮಾನೆಲ್ಲ ಹಾಕಿ ಕುದಿಸಿ, ಕಟ್ಟಳೆ ಮುರಿದು ತಾನೇ ಕುಡಿದಳು. ಸುಂಠಿ ಹಳೆಯದಾಗಿತ್ತೋ, ಬೆಲ್ಲದಲ್ಲಿ ಏನಾದರೂ ಬಿದ್ದಿತ್ತೋ ನೋಡಬೇಕಿತ್ತು. ಸಂಜೆಯವರೆಗೆ ಕಾದಳು. ಏನೂ ಆಗಲಿಲ್ಲ. ಮರುದಿನ ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಬದುವಿಗೆ ಹೋದಳು. ಹಾಡೇಹಗಲು ಆ ಗಿಡವನ್ನು ಅವಳು ನೋಡಿದ್ದೇ ಅಪರೂಪ. ಎಲೆಯ ಮೇಲೆ ಹನಿ ಒಣಗಿದ ಗುರುತು, ಸುಣ್ಣ ಸಿಡಿದ ಹಾಗೆ. ಗಿಡದ ಬುಡದಲ್ಲಿ, ಉದುರಿದ ಬಿಳಿ ಹೂವಿನ ನಡುವೆ, ಜೇನುಹುಳುಗಳು ಸತ್ತು ಬಿದ್ದಿದ್ದವು. ಒಂದೆರಡಲ್ಲ. ಅಂಗೈಯಲ್ಲಿ ಬಳಿದುಕೊಳ್ಳುವಷ್ಟು.

ಆ ಸಂಜೆ ಊಟಕ್ಕೆ ಪುಂಡಿ ಪಲ್ಯ. ತಾರವ್ವ ರೊಟ್ಟಿ ತಟ್ಟುತ್ತಿದ್ದಳು. ಅಕ್ಕವ್ವ ಸೆರಗಿನ ಗಂಟು ಬಿಚ್ಚಿ ಸತ್ತ ಹುಳುಗಳನ್ನು ಮಗನ ತಾಟಿನ ಪಕ್ಕಕ್ಕೆ ಸುರಿದಳು.

"ಧರೆಪ್ಪಾ, ಆ ಆಯತವಾರ ಬದುವಿನ ಕಡೆ ಎಣ್ಣಿ ಹೊಡದಿದ್ದೇನು?"

ಧರೆಪ್ಪನ ತುತ್ತು ನಡುವೆ ನಿಂತಿತು. "ಹೊಡದಿದ್ನಿ. ಗಾಳಿ ಆ ಕಡೆನ ಇತ್ತು. ಎಲ್ಲಾ ಗಿಡದ ಮ್ಯಾಲ ಹೋತು. ನೀ ಗುಡಿಗೆ ಹೋಗಿದ್ದಿ, ನಾ ದಣದ ಮಲಗಿದ್ನಿ. ಅದಕ್ಕ ಇಕಿ ಮುಂದ ಹೇಳಿದ್ನೆಲ್ಲಾ, ಅವ್ವಗ ಹೇಳ, ನಾಳೆ ಎಲಿ ತರಬ್ಯಾಡ ಅಂತ." ಅವನು ಹೆಂಡತಿಯ ಕಡೆ ತಿರುಗಿದ. "ಹೇಳಲಿಲ್ಲೇನ?"

"ಹೆಂಗ ಹೇಳೂದು?" ತಾರವ್ವನ ಕೈ ಹಿಟ್ಟಿನಲ್ಲೇ ಇತ್ತು. "ನಮ್ಮೊಳಗ ಮಾತ ಇತ್ತೇನು?"

"ಸುಂದರಾನ ಕೈಲೆ ಹೇಳಿಸಬೇಕಿತ್ತು!"

"ಇವರ ಗುಡಿಯಿಂದ ಬರೂದ್ರಾಗ ಕೂಸ ಮಲಗಿತ್ತು. ಮುಂಜಾನೆ ನಾ ಏಳೂದ್ರಾಗ ಇವರ ಎಲಿಗೆ ಹೋಗಿದ್ರು. ಎಲಿ ಕೈಯಾಗ ಇದ್ದಾಗ ಮಾತಾಡಿಸಬಾರದು ಅಂತ ಇವರದ ಕಟ್ಟಳಿ. ನಾ ಮಾತಾಡಿಸಿದ್ರ, ಬೇಕಂತನ ಕೆಡಸಿದ್ಲು ಅಂತಿದ್ರು. ಕುದಿಸಿದ್ರ ಹೋಗತೈತಿ ಅಂದ್ಕೊಂಡ್ನಿ."

ಅಕ್ಕವ್ವ ಸೊಸೆಯನ್ನೇ ನೋಡಿದಳು. ಮೆಲ್ಲಗೆ ಕೇಳಿದಳು.

"ಕುದಿಸಿದ್ರ ಹೋಗತೈತಿ ಅಂದ್ರ, ಸುಂದರಾನ ಕೈಯಾನ ಬಟ್ಟಲಾ ಯಾಕ ಕಸಗೊಂಡಿ?"

ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿ ಕಪ್ಪಾಯಿತು. ಯಾರೂ ಅದನ್ನು ಮಗುಚಲಿಲ್ಲ.

"ಅವ್ವಾ, ಕೇಳ ಇಲ್ಲೆ," ಎಂದ ಧರೆಪ್ಪ, ದನಿ ತಗ್ಗಿಸಿ. "ಆಗೂದು ಆಗಿಹೋತು. ಮನಿ ಮಾತ ಮನ್ಯಾಗ ಇರ್ಲಿ. ಅಣ್ಣಾಸಾಬ ಎಂಥಾಂವ ಅಂತ ನಿನಗ ಗೊತ್ತೈತಿ. ಗೊತ್ತಿದ್ದೂ ಕುಡಿಸಿದ್ರು ಅಂತ ತಿಳದ್ರ, ಕುಡಗೋಲ ತಗೊಂಡ ತ್ವಾಟಕ್ಕ ಹೋಗತಾನ. ಬಳ್ಳಿ ಬುಡಾ ಕೊಯ್ಯಾಕ ಎಷ್ಟೊತ್ತು ಬೇಕ? ಇಲ್ಲಂದ್ರ ಪೊಲೀಸರ ಕಡೆ ಹೋಗತಾನ. ಆಗ ಇಕಿನ್ನ ಕರಕೊಂಡ ಹೋಗತಾರ. ಸುಂದರಾನ ಯಾರ ನೋಡವರು?"

"ಮತ್ತ ನಾ ಏನ ಅನ್ಬೇಕು ಮಂದಿಗೆ?"

"ವಯಸ್ಸಾತು, ಕೈ ಸೋತು ಅನ್ನು. ಕಷಾಯ ಬಿಟ್ಟೇನಿ ಅನ್ನು. ಅಷ್ಟರಾಗ ಮುಗೀತು."

"ನನ್ನ ಕೈ ಸೋತಿಲ್ಲಲೇ."

"ನನಗ ಗೊತ್ತೈತಿ, ಅವ್ವಾ."

"ನಿನಗ ಗೊತ್ತಿದ್ರ ಏನ ಬಂತೋ? ಊರಿಗೆ ಗೊತ್ತಿಲ್ಲಲ್ಲ."

ಆದರೂ ಅಕ್ಕವ್ವ ಹೊರಗೆ ಹೋಗಿ ಹೇಳಲಿಲ್ಲ. ಹೇಳಬೇಕೆಂದು ಮುಂಜಾನೆ ಏಳುವಳು. ಹೊಸ್ತಿಲ ತನಕ ಬಂದಾಗ ಸುಂದರಾ ಜಡೆ ಹಾಕಿಸಿಕೊಳ್ಳಲು ಅವ್ವನ ಮುಂದೆ ಕೂತಿರುವುದು ಕಾಣುವುದು. ಮರಳಿ ಬಂದು ಕೂರುವಳು. ಸಿಟ್ಟು ಎಲ್ಲಿಯಾದರೂ ಹೊರಬೀಳಬೇಕಲ್ಲ. ಆ ಸಂಜೆಯ ಮರುದಿನವೇ ಜಗಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು.

"ಇದೇನವ್ವಾ, ಒಂದ ಮನ್ಯಾಗ ಎರಡ ಹೊಗಿ?" ಎಂದ ಧರೆಪ್ಪ.

"ಕೈ ಕೆಟ್ಟವರ ಅಡಗಿ ನೀವ್ಯಾಕ ಉಣ್ತೀರಿ?"

ಅಂದಿನಿಂದ ಅವನು ಒಳಗೆ ಒಂದು ರೊಟ್ಟಿ, ಜಗಲಿಯಲ್ಲಿ ಒಂದು ರೊಟ್ಟಿ ತಿನ್ನತೊಡಗಿದ. ಎರಡೂ ಕಡೆ "ಯಾಕ, ಅಲ್ಲಿ ಹೊಟ್ಟಿ ತುಂಬಲಿಲ್ಲೇನ?" ಎಂಬ ಮಾತು ಕೇಳಿ, ಎರಡೂ ಕಡೆ ಅರ್ಧಕ್ಕೇ ಏಳುವನು. ದ್ರಾಕ್ಷಿ ಕಾಯಿ ಕಟ್ಟಿತ್ತು. ಅವನು ಮಾತ್ರ ಒಣಗುತ್ತ ಬಂದ.

ಚಳಿ ಏರಿತು. ಸುಂದರಾಳಿಗೆ ಗಂಟಲು ನೋವು ಹಿಡಿಯಿತು. ಉಗುಳು ನುಂಗಲೂ ಆಗದೆ ಕಣ್ಣಲ್ಲಿ ನೀರು ತುಂಬಿಕೊಂಡಳು. ತಾರವ್ವ ಬಸ್ಸಿನಲ್ಲಿ ಕಾಗವಾಡಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿ, ಗುಳಿಗೆ, ಕೆಂಪು ಔಷಧದ ಬಾಟಲಿ ತಂದಳು. ನೋವು ಕಡಿಮೆಯಾಯಿತು, ಕೆಮ್ಮು ನಿಂತಿತು ಅನ್ನುವಂತಿರಲಿಲ್ಲ.

"ಆಯೀ, ನೀ ಏನರ ಮಾಡಿಕೊಡ," ಎಂದು ಹುಡುಗಿ ಜಗಲಿಗೆ ಬಂದು ಅವಳ ಬೆನ್ನಿಗೆ ಜೋತುಬಿದ್ದಳು.

"ನಿಮ್ಮವ್ವನ ಕೇಳ."

"ನಾ ಮತ್ತ ಟಪಾಲ ಹಂಚಂಗಿಲ್ಲ," ಎಂದು ಅವಳು ಕೆಮ್ಮಿದಳು. ಕೆಮ್ಮುವಾಗ ಅವಳ ಪುಟ್ಟ ಮೈ ಪೂರ್ತಿ ಅಲ್ಲಾಡಿತು.

ಒಳಗಿನಿಂದ ತಾರವ್ವ ಬಂದಳು. ಒಂದು ಬೇರು ಹಸಿಶುಂಠಿ, ಒಂದು ಅಚ್ಚು ಬೆಲ್ಲ ಅತ್ತೆಯ ಒಲೆಯ ಪಕ್ಕಕ್ಕಿಟ್ಟು, ಕಂಬಕ್ಕೆ ಒರಗಿ ನಿಂತಳು. ಅಕ್ಕವ್ವ ಶುಂಠಿ ಜಜ್ಜಿದಳು, ತುಳಸಿ ತೊಳೆದು ಹಾಕಿದಳು, ಕುದಿಸಿದಳು, ಸೋಸಿದಳು. ಬಟ್ಟಲನ್ನು ಕೂಸಿನ ಕೈಗೆ ಕೊಡಲಿಲ್ಲ. ತಾರವ್ವನ ಮುಂದೆ ನೆಲದ ಮೇಲಿಟ್ಟಳು. ಚೆಲ್ಲುತ್ತೀಯೋ ಕುಡಿಸುತ್ತೀಯೋ, ಈ ಸಲ ನನ್ನ ಕಣ್ಣ ಮುಂದೆಯೇ ಮಾಡು ಎಂಬ ಹಾಗೆ.

ತಾರವ್ವ ಕೂತು, ಬಟ್ಟಲು ಎತ್ತಿ, ಊದಿ ಊದಿ ಮಗಳಿಗೆ ಕುಡಿಸಿದಳು. ತಳದ ಹನಿಯವರೆಗೂ ಕುಡಿಸಿದಳು. ಆಮೇಲೆ ಬಟ್ಟಲು ತೊಳೆದು ತಂದು ಅತ್ತೆಯ ಒಲೆಯ ಹತ್ತಿರ ಬೋರಲು ಹಾಕಿದಳು.

ಎಳ್ಳಮಾಸಿ ಹಬ್ಬ ಹತ್ತಿರ ಬಂದಿತ್ತು. ಲಗಮಣ್ಣ ಊರಿಗೆ ಮರಳಿ ಮನೆಯಲ್ಲೇ ಮಲಗಿದ್ದಾನೆ ಎಂದು ಆಕೆ ಕೇಳಿದ್ದಳು, ಹೋಗಿ ನೋಡುವ ಧೈರ್ಯವಾಗಿರಲಿಲ್ಲ. ಗುಡಿಯಲ್ಲಿ ಆಯತವಾರದ ಭಜನೆ ನಡೆಯುತ್ತಿತ್ತು. ಹಾಡು ಎತ್ತಿಕೊಡುವವರಿಲ್ಲದೆ ಬರೀ ತಾಳದ ಸದ್ದು ಓಣಿಗೆ ಬರುತ್ತಿತ್ತು. ಹೀಗಿರುವಾಗ ಒಂದು ಮುಂಜಾನೆ ಆ ಬರಿದಾದ ಕಟ್ಟೆಯ ಮೇಲೆ ಕೋಲು ಊರಿದ ಸದ್ದಾಯಿತು. ಅಕ್ಕವ್ವ ನೋಡಿದರೆ ಲಗಮಣ್ಣ. ಅರ್ಧ ಮೈ ಇಳಿದಿತ್ತು. ಕಂಬಳಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಂತಿದ್ದ.

"ಯಾಕ ತಂಗೀ, ಹಂಗ್ಯಾಕ ನೋಡತಿ? ಸತ್ತ ಬಂದಿಲ್ಲ, ಎದ್ದ ಬಂದೇನಿ." ದನಿ ಗಾಣದ ಹಾಗೆ ಕಿರುಗುಟ್ಟುತ್ತಿತ್ತು. "ಶಿವ ಜಾಣಾ. ವಿಷಾನ ಗಂಟಲದಾಗ ತಡದ. ನನಗ ಹೊಟ್ಟಿಗೇ ಇಳೀತ ನೋಡ."

ತಾನೇ ನಕ್ಕು, ಕೆಮ್ಮಿ, ಸುಧಾರಿಸಿಕೊಂಡ.

"ಗಂಟಲ ಮತ್ತ ಹಿಡದೈತಿ. ಮಾಡಿಕೊಡ. ಮನ್ಯಾಗ ಹೇಳಿ ಬಂದಿಲ್ಲ. ಹೇಳಿದ್ರ ಅಣ್ಣಾಸಾಬ ಬಿಡತಿದ್ದಿಲ್ಲ."

"ಬ್ಯಾಡ್ರಿ ಲಗಮಣ್ಣಾ. ನನ್ನ ಕೈ ಕೆಟ್ಟೈತಿ ಅಂತ ಊರ ಅನ್ನತೈತಿ."

"ಊರ ಅನ್ಲಿ. ನಾ ಅಂದಿಲ್ಲ." ಅವನು ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. "ಅಲ್ಲಿ ಡಾಕ್ಟರ ಬಡಕೊಂಡ. ಅಜ್ಜಾ, ಏನ ಕುಡದಿ? ಏನ ಕುಡದಿ? ಹೇಳಿದ್ರ ಔಷಧ ಲಗೂ ಸಿಗತೈತಿ ಅಂತ. ನಾ ಹೇಳಲಿಲ್ಲ. ಅಣ್ಣಾಸಾಬಗೂ ಕೈ ಹಿಡದ ಹೇಳಿದ್ನಿ, ಅಕ್ಕವ್ವನ ಹೆಸರ ಅಲ್ಲಿ ತಗೀಬ್ಯಾಡ. ಬಾವಿ ನೀರ ಕುಡದಿದ್ನಿ ಅಂತ ಅಂದ್ನಿ. ದೇವರಂಥಾ ಕೈ ಐತಿ, ಅದರ ಮ್ಯಾಲ ಕೇಸ ಆಗೂದು ಬ್ಯಾಡ ಅಂತ. ಅವರ ತಮಗ ತಿಳದದ್ದು ಹುಡುಕಿ ಕೊಡೂದ್ರಾಗ ಎರಡ ದಿನಾ ಹೋತು. ಹೋಗ್ಲಿ. ಜೀವ ಉಳೀತಲ್ಲ."

ಅಕ್ಕವ್ವ ಕಂಬ ಹಿಡಿದು ಕೆಳಗೆ ಕೂತಳು. ತನ್ನ ಕೈಗುಣ ಉಳಿಯಲಿ ಎಂದು ಈ ಮನುಷ್ಯ ಸಾವಿನ ಬಾಯಲ್ಲಿ ಸುಳ್ಳು ಹೇಳಿದ್ದ. ತಾನು ಹೋಗಿ ಅವನ ಹಾಸಿಗೆಯ ಪಕ್ಕ ಕೂತು ನೋಡಿಯೂ ಬಂದಿರಲಿಲ್ಲ.

ಧರೆಪ್ಪ ಹಾಲಿನ ಕ್ಯಾನು ಹಿಡಿದು ಹೊರಗೆ ಬಂದವನು ಅಲ್ಲೇ ನಿಂತ. ತಾರವ್ವ ಬಾಗಿಲ ಮರೆಯಲ್ಲಿದ್ದಳು.

"ಲಗಮಣ್ಣಾ, ಒಂದ ಮಾತ ಕೇಳ್ರಿ."

"ಅವ್ವಾ!" ಎಂದ ಧರೆಪ್ಪ.

"ನೀ ಸುಮ್ಮನಿರು. ಲಗಮಣ್ಣಾ, ಅವತ್ತ ಎಲಿ ಮ್ಯಾಲ ದ್ರಾಕ್ಷಿಗೆ ಹೊಡಿಯೂ ಎಣ್ಣಿ ಬಿದ್ದಿತ್ತು. ನಾ ತೊಳೀಲಿಲ್ಲ. ತೊಳೀಬಾರದು ಅಂತ ನಮ್ಮತ್ತಿ ಹೇಳಿದ್ಲು. ಆಕಿ ಕಾಲಕ್ಕ ಆ ಬದುವಿನಾಗ ಇಬ್ಬನಿ ಬಿಟ್ರ ಬ್ಯಾರೆ ಏನೂ ಬೀಳತಿದ್ದಿಲ್ಲ. ಅದನ್ನ ನಾ ವಿಚಾರ ಮಾಡಲಿಲ್ಲ. ನೀವ ಕುಡದದ್ದು ಅದನ್ನ."

ಲಗಮಣ್ಣನ ಮುಖದ ನಗೆ ಒಂದೊಂದೇ ಗೆರೆಯಾಗಿ ಅಳಿಸಿಹೋಯಿತು.

"ಯಾವಾಗ ತಿಳೀತ ನಿನಗ?"

"ನೀವ ದವಾಖಾನ್ಯಾಗ ಇದ್ದಾಗ."

"ಆವಾಗಿಂದ ಸುಮ್ಮನಿದ್ದಿ?"

"ಸುಮ್ಮನಿದ್ನಿ."

"ಎಣ್ಣಿ ಬಿದ್ದದ್ದು ಅವತ್ತ ಮುಂಜಾನೆ ಯಾರಿಗೆ ಗೊತ್ತಿತ್ತು?"

ಒಂದು ಹೆಸರು ಹೇಳಿದರೆ ಸಾಕಿತ್ತು. ಅಕ್ಕವ್ವನ ಕೈ ಅಲ್ಲಿಗೆ ತೊಳೆದಷ್ಟು ಸ್ವಚ್ಛ. ಬಾಗಿಲ ಮರೆಯಲ್ಲಿ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

"ನನ್ನ ಪಾಲಿಂದ ನಾ ಹೇಳಿದ್ನಿ," ಎಂದಳು ಅಕ್ಕವ್ವ. "ಉಳಿದದ್ದು ಕೇಳಬ್ಯಾಡ್ರಿ."

ಲಗಮಣ್ಣ ಕೋಲು ಊರಿ ಎದ್ದ. "ಕಷಾಯ ಬ್ಯಾಡ ಇವತ್ತ," ಎಂದ. "ಇಷ್ಟ ದಿನಾ ಮಗನ ಮುಂದ ನಿನ್ನ ಸಲುವಾಗಿ ಜಗಳಾಡಿದ್ನಿ. ಇನ್ನ ಆಂವಗ ಸುಳ್ಳ ಹೇಳಾಕ ಆಗಂಗಿಲ್ಲ, ತಂಗೀ." ಅವನು ಓಣಿ ತಿರುಗುವವರೆಗೂ ಕೋಲಿನ ಸದ್ದು ಕೇಳಿತು.

"ಮುಗೀತು," ಎಂದು ಧರೆಪ್ಪ ಹಾಲಿನ ಕ್ಯಾನನ್ನು ಜಗಲಿಗೆ ಕುಕ್ಕಿದ. "ಮುಗಿಸಿದಿ ಅವ್ವಾ. ಮನಿಗೆ ಬೆಂಕಿ ಹಚ್ಚಿದಿ. ನಿನ್ನ ಹೆಸರ ದೊಡ್ಡದಾತು, ನಮ್ಮ ಜೀವ ಸಣ್ಣದಾತು. ಈಗ ಯಾರೂ ಬಾಯಿ ಬಿಡಬ್ಯಾಡ್ರಿ. ಗಾಳಿಗೆ ಹೋತು, ಯಾರಿಗೂ ಗೊತ್ತಿದ್ದಿಲ್ಲ ಅಂತ ನಾ ಹೇಳತೇನಿ."

ಅವನು ಅವ್ವನನ್ನು ಒಳಗೆ ಕರೆದು ಬಾಗಿಲು ಮುಚ್ಚಿ ಅಗಳಿ ಹಾಕಿದ. ಒಳಗೆ ಮೂವರೂ ನಿಂತರು. ಸುಂದರಾ ಪಾಟಿಚೀಲ ತಬ್ಬಿಕೊಂಡು ಮೂಲೆಯಲ್ಲಿ ಕೂತಳು. ಹೆಚ್ಚು ಹೊತ್ತಾಗಲಿಲ್ಲ. ಹೊರಗೆ ಚಪ್ಪಲಿಗಳ ಸದ್ದು, ಓಣಿಯ ಮಂದಿಯ ಗುಜುಗುಜು, ಅದರ ಮೇಲೆ ಅಣ್ಣಾಸಾಬನ ದನಿ.

"ಧರೆಪ್ಪಾ! ಹೊರಗ ಬಾರಲೇ! ಗೊತ್ತಿದ್ದೂ ನಮ್ಮಪ್ಪಗ ವಿಷಾ ಕುಡಿಸಿದವರು ಯಾರ ನಿಮ್ಮ ಮನ್ಯಾಗ?"

ಧರೆಪ್ಪ ಅಗಳಿಯ ಮೇಲೆ ಕೈ ಇಟ್ಟುಕೊಂಡು ನಿಂತ. ತೆರೆಯಲೂ ಇಲ್ಲ, ಬಿಡಲೂ ಇಲ್ಲ.

ತಾರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗಂಡನ ಕೈಯನ್ನು ಪಕ್ಕಕ್ಕೆ ಸರಿಸಿ ಅಗಳಿ ತೆಗೆದು ಕಟ್ಟೆಯ ಮೇಲೆ ಹೋಗಿ ನಿಂತಳು. ಓಣಿ ತುಂಬಿತ್ತು. ಅಂದು ಕಷಾಯ ಕುಡಿದು ಮಲಗಿದ್ದ ಹೆಂಗಸರಿಬ್ಬರೂ ಇದ್ದರು, ಕೆಂಚವ್ವನೂ ಇದ್ದಳು.

"ನನಗ ಗೊತ್ತಿತ್ರಿ," ಎಂದಳು ತಾರವ್ವ. ದನಿ ಓಣಿಯ ಕೊನೆಯವರೆಗೆ ಕೇಳುವಷ್ಟಿತ್ತು. "ಎಣ್ಣಿ ಬಿದ್ದೈತಿ ಅಂತ ನಮ್ಮ ಮನಿಯವರ ಹೇಳಿದ್ರು, ನಾ ಅತ್ತಿಗೆ ಹೇಳಲಿಲ್ಲ. ಮಾತ ಬಿಟ್ಟಿದ್ನಿ, ಸೊಕ್ಕಿತ್ತು. ನನ್ನ ಕೂಸಿನ ಬಟ್ಟಲಾ ಅಷ್ಟ ಕಸಗೊಂಡ್ನಿ. ಅತ್ತಿಗೆ ಏನೂ ಗೊತ್ತಿರಲಿಲ್ಲ. ಅವರ ಕೈಯಾಗ ದೋಷ ಇಲ್ಲ."

ಅಣ್ಣಾಸಾಬ ಕಟ್ಟೆಯ ಮೆಟ್ಟಿಲಿಗೆ ಕಾಲಿಟ್ಟ. "ನಿನ್ನ ಕೂಸಿನ ಜೀವ ಜೀವ, ನಮ್ಮಪ್ಪಂದು..."

"ಅಣ್ಣಾಸಾಬ, ಅಲ್ಲೇ ನಿಲ್ಲು."

ಅಕ್ಕವ್ವ ಹೊಸ್ತಿಲು ದಾಟಿ ಬಂದು ಸೊಸೆಯ ಪಕ್ಕಕ್ಕೆ ನಿಂತಳು. ಓಣಿಯ ಕಣ್ಣೆಲ್ಲ ಅವಳ ಕಡೆ ತಿರುಗಿದವು. ಆ ಕಣ್ಣುಗಳಲ್ಲಿ ಈಗ ಹಳೆಯ ಮರ್ಯಾದೆ ಮರಳಿ ಬರುತ್ತಿತ್ತು. ಕೆಂಚವ್ವ ಕೈ ಮುಗಿಯಲು ಅರ್ಧ ಎತ್ತಿದ್ದಳು. ಅಕ್ಕವ್ವ ಅದನ್ನು ನೋಡಿದಳು.

"ಕೈ ಇಳಸು ಕೆಂಚವ್ವಾ," ಎಂದಳು. "ಅಣ್ಣಾಸಾಬ, ಇಕಿ ಗೊತ್ತಿದ್ದೂ ಒಂದ ಮುಂಜಾನೆ ಬಾಯಿ ಮುಚ್ಚಿದ್ಲು. ನಾ ಗೊತ್ತಾದ ಮ್ಯಾಲ ಒಂದ ತಿಂಗಳ ಮುಚ್ಚಿದ್ನಿ. ನಿಮ್ಮಪ್ಪ ಅಲ್ಲಿ ಏನ ಕುಡದ್ನಿ ಅಂತ ಹೇಳಲಾರದ ಬಿದ್ದಿದ್ದ, ನಾ ಒಮ್ಮೆ ಹೋಗಿ ನೋಡಲೂ ಇಲ್ಲ. ಬೈಯೂದಿದ್ರ ಲೆಕ್ಕಾ ಹಾಕಿ ಬೈ, ಯಾರದ ಹೆಚ್ಚಂತ."

ಅಣ್ಣಾಸಾಬ ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. ಮೆಟ್ಟಿಲ ಮೇಲಿನ ಕಾಲು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವನು ಏನನ್ನಾದರೂ ಹೇಳಲೆಂದು ಅತ್ತೆ ಸೊಸೆ ಇಬ್ಬರೂ, ಭುಜಕ್ಕೆ ಭುಜ ತಾಕುವಷ್ಟು ಹತ್ತಿರ, ಕಾದು ನಿಂತರು.